ಯಾರ ಹೆಸರಲ್ಲಿ ಉಂಟು?

ಕಳೆದ ತಿಂಗಳು ಅಕ್ಕನ ಮಗಳ ಜೊತೆ ಒಂದು ಬ್ಯಾಂಕಿಗೆ ಹೋಗಿದ್ದೆ. ಜೊತೆಗೆ ಅಂದರೆ ಸುಮ್ಮನೆ, ಬೈಕಲ್ಲಿ ಬಿಡಲಿಕ್ಕೆ ಅಂತ. ಅವಳಿಗೆ ಈಗ ಇಪ್ಪತ್ತಾರು. ಡಿಗ್ರಿ ಮುಗಿಸಿ ನಾಲ್ಕು ವರ್ಷ ಒಂದು ಕಂಪೆನಿಯಲ್ಲಿ ಲೆಕ್ಕ ಬರೆದಳು. ಇನ್ನು ಅದು ಸಾಕು ಅಂತ ಅನಿಸಿದೆ. ಬಿಜೈ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು, ಆರು ಹೊಲಿಗೆ ಮೆಷಿನ್ ಹಾಕಿ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಸುವುದು ಅವಳ ಯೋಚನೆ. ಎಂಟು ಲಕ್ಷ ಸಾಲ ಬೇಕು. ಪ್ರಾಜೆಕ್ಟ್ ರಿಪೋರ್ಟನ್ನು ಅವಳೇ ಬರೆದಿದ್ದಳು, ನೂಲಿನ ಉಂಡೆಯ ಖರ್ಚನ್ನೂ ಬಿಡದೆ.

ಅಧಿಕಾರಿ ಒಳ್ಳೆಯ ಮನುಷ್ಯ. ಪೂರ್ತಿ ಓದಿದರು, ಚೆನ್ನಾಗಿದೆ ಅಂದರು. ಆಮೇಲೆ ಅವಳನ್ನು ಬಿಟ್ಟು ನನ್ನ ಮುಖ ನೋಡಿ ಕೇಳಿದರು: "ಜಾಗದ ಪತ್ರ ಯಾರ ಹೆಸರಲ್ಲಿ ಉಂಟು?"

ಮುದ್ರಾ ಯೋಜನೆ ಬಂದದ್ದು 2015ರಲ್ಲಿ. ಅದರಲ್ಲಿ ಹತ್ತು ಲಕ್ಷದವರೆಗಿನ ಸಾಲಕ್ಕೆ ಅಡಮಾನ ಬೇಡ. ಅವಳು ಅದನ್ನೇ ಹೇಳಿದಳು. "ರೂಲ್ಸಿನಲ್ಲಿ ಬೇಡ ಅಮ್ಮ, ಆದರೂ ಇದ್ದರೆ ನಮಗೆ ಧೈರ್ಯ" ಅಂದರು. ಅವರ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. ಸುಮ್ಮನೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ.

ಮನೆಗೆ ಬಂದ ಮೇಲೆ ಎಲ್ಲರದ್ದೂ ಒಂದೊಂದು ಮಾತು. ಈಗಿನ ಹುಡುಗಿಯರಿಗೆ ಬಿಸಿನೆಸ್ಸಿನ ಹುಚ್ಚು ಹಿಡಿಸುವುದು ಮೊಬೈಲು ಅಂತ ಒಬ್ಬರು, ಗೆಳತಿಯರು ಅಂತ ಇನ್ನೊಬ್ಬರು. ಭಾವ ಮಾತ್ರ "ಎಲ್ಲ ಧೈರ್ಯದ ಪ್ರಶ್ನೆ ಮಾರಾಯ" ಅಂದರು. ಈ ಧೈರ್ಯ ಅನ್ನುವ ಮಾತು ನನಗೆ ಯಾಕೋ ಸರಿ ಕಾಣಲಿಲ್ಲ. ನಮ್ಮ ಊರಿನ ಹೆಂಗಸರಿಗೆ ಧೈರ್ಯ ಯಾವ ಕಾಲದಲ್ಲಿ ಕಡಿಮೆ ಇತ್ತು? ಹಳೇ ಮಂಗಳೂರಿನ ಕಥೆ ಓದುವ ಚಾಳಿ ನನಗೆ ಮೊದಲಿಂದಲೂ ಉಂಟು. ಓದಿದ್ದನ್ನೆಲ್ಲ ಅವತ್ತು ರಾತ್ರಿ ಮತ್ತೆ ಯೋಚಿಸುತ್ತಾ ಹೋದಂತೆ ಎಲ್ಲ ಕಡೆಯೂ ಎದುರಾದದ್ದು ಆ ಅಧಿಕಾರಿಯ ಪ್ರಶ್ನೆಯೇ.

ಮೊದಲು ನೆನಪಾದದ್ದು ಕಮಲಾದೇವಿ ಚಟ್ಟೋಪಾಧ್ಯಾಯ. ಮಂಗಳೂರಿನ ಮಗಳು, 1903ರ ಏಪ್ರಿಲ್ 3ರಂದು ಇಲ್ಲೇ ಹುಟ್ಟಿದವರು. ತಂದೆ ಅನಂತಯ್ಯ ಧಾರೇಶ್ವರ ದೊಡ್ಡ ಸರಕಾರಿ ಅಧಿಕಾರಿ, ತಾಯಿ ಗಿರಿಜಾಬಾಯಿ ಅನುಕೂಲಸ್ಥ ಸಾರಸ್ವತ ಮನೆತನದವರು. ರಮಾಬಾಯಿ ರಾನಡೆ, ಪಂಡಿತಾ ರಮಾಬಾಯಿ ಅಂಥವರ ಒಡನಾಟವಿದ್ದ ಮನೆ ಅದು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಸ್ತಿ ಪೂರ್ತಿ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿಗೂ ಮಗಳಿಗೂ ಉಳಿದದ್ದು ತಿಂಗಳು ತಿಂಗಳು ಕೊಡುವ ಜೀವನಾಂಶ ಮಾತ್ರ. ಅದು ಯಾರೋ ಮಾಡಿದ ಮೋಸ ಅಲ್ಲ, ಆಗಿನ ಹಿಂದೂ ಕಾನೂನೇ ಹಾಗಿತ್ತು. ಗಂಡು ಮಗ ಇದ್ದರೆ ವಿಧವೆಗೆ ಪಾಲಿಲ್ಲ. 1937ರ ಕಾನೂನು ಬಂದ ಮೇಲೆ ವಿಧವೆಗೆ ಪಾಲು ಸಿಕ್ಕಿತು, ಅದೂ ಅವಳ ಜೀವಮಾನದ ಮಟ್ಟಿಗೆ.

ಗಿರಿಜಾಬಾಯಿ ಆ ಜೀವನಾಂಶ ಬೇಡ ಅಂದುಬಿಟ್ಟರು. ತವರಿನಿಂದ ತನಗೆ ಬಂದಿದ್ದ ಆಸ್ತಿಯಲ್ಲೇ ಮಗಳನ್ನು ಬೆಳೆಸುತ್ತೇನೆ ಅಂತ ನಿಂತರು. ಇಲ್ಲಿ ಓದುವುದನ್ನು ಒಂದು ನಿಮಿಷ ನಿಲ್ಲಿಸಿ ನೋಡಿ. ಬೇಡ ಅನ್ನಲಿಕ್ಕೆ ಅವರಿಗೆ ಸಾಧ್ಯವಾದದ್ದು ಹೇಗೆ? ಸ್ವಾಭಿಮಾನ ಖಂಡಿತ ಇತ್ತು. ಆದರೆ ಸ್ವಾಭಿಮಾನದ ಅಡಿಯಲ್ಲಿ ತನ್ನದೇ ಹೆಸರಿನ ಒಂದಿಷ್ಟು ಆಸ್ತಿಯೂ ಇತ್ತು. ಅದಿಲ್ಲದ ಎಷ್ಟು ವಿಧವೆಯರು ಅದೇ ಮಂಗಳೂರಿನಲ್ಲಿ ಜೀವನಾಂಶಕ್ಕೆ ಕೈ ಚಾಚಿ ಬಾಯಿ ಮುಚ್ಚಿ ಬದುಕಿರಲಿಕ್ಕಿಲ್ಲ!

ಆ ಮಗಳು ಮುಂದೆ ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. 1930ರಲ್ಲಿ ಬೊಂಬಾಯಿಯಲ್ಲಿ ಕಾನೂನು ಮುರಿದು ಮಾಡಿದ ಉಪ್ಪನ್ನು ಪೊಟ್ಟಣ ಕಟ್ಟಿ, ಷೇರು ಪೇಟೆಯ ಒಳಗೇ ಹೋಗಿ ಮಾರಿದವರು ಅವರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ನೇಯುವವರು, ಕೆತ್ತುವವರು, ಕಸೂತಿ ಹಾಕುವವರು ತಮ್ಮ ಮಾಲನ್ನು ದಲ್ಲಾಳಿಯ ಕೈಗೆ ಕೊಡದೆ ಮಾರುವ ದಾರಿ ಹುಡುಕಿದರು. ಏಳನೇ ವಯಸ್ಸಿನಲ್ಲಿ ಮನೆಯಲ್ಲಿ ನೋಡಿದ್ದು ಅವರನ್ನು ಕೊನೆಯವರೆಗೂ ಬಿಡಲಿಲ್ಲ ಅಂತ ನನ್ನ ಊಹೆ.

ಇದರಲ್ಲಿ ತಮಾಷೆ ಏನು ಗೊತ್ತುಂಟಾ? ಗಿರಿಜಾಬಾಯಿಗೆ ಗಂಡನ ಆಸ್ತಿ ತಪ್ಪಿದ ಅದೇ ಕಾಲದಲ್ಲಿ, ಅದೇ ಊರಿನಲ್ಲಿ ಬಂಟರು, ಬಿಲ್ಲವರು, ಮೊಗವೀರರ ಮನೆಗಳಲ್ಲಿ ಇನ್ನೊಂದು ಕಾನೂನು ನಡೆಯುತ್ತಿತ್ತು. ಅಳಿಯಕಟ್ಟು. ಆಸ್ತಿ ತಾಯಿಯ ಬಳಿಯಲ್ಲಿ ಇಳಿಯುವುದು. ತಂದೆಯ ಆಸ್ತಿ ಅವನ ಮಕ್ಕಳಿಗಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ. ಭೂತಾಳ ಪಾಂಡ್ಯನ ಕಥೆ ತುಳುನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಯಜಮಾನಿಕೆ ಕೂಡ ಗಂಡಸಿಗೇ ಅಂತ ಮೀಸಲಲ್ಲ, ಕುಟುಂಬದಲ್ಲಿ ಹಿರಿಯಳು ಹೆಂಗಸಾದರೆ ಅವಳೇ ಯಜಮಾನ್ತಿ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನ ಆಸ್ತಿ ತನ್ನದೇ ಅಂತ ಇಟ್ಟುಕೊಳ್ಳುವ ಪೂರ್ತಿ ಹಕ್ಕು ಬಂದದ್ದು 1882ರ ಕಾನೂನಿನಲ್ಲಿ. ಅಂದರೆ ಅದಕ್ಕಿಂತ ಮೊದಲು ಇಲ್ಲಿ ಕಲೆಕ್ಟರಾಗಿದ್ದ ದೊರೆಗಳ ಹೆಂಡತಿಯರಿಗಿಂತ ನಮ್ಮ ಗುತ್ತಿನ ಮನೆಯ ಯಜಮಾನ್ತಿಗೆ ಆಸ್ತಿಯ ಮೇಲೆ ಹೆಚ್ಚು ಹಿಡಿತ ಇತ್ತು.

ಹಾಗಾದರೆ ತುಳುನಾಡಿನ ಹೆಂಗಸರೆಲ್ಲ ದೊಡ್ಡ ವ್ಯಾಪಾರಸ್ಥರಾಗಬೇಕಿತ್ತಲ್ಲ? ಆಗಲಿಲ್ಲ. ಅಳಿಯಕಟ್ಟನ್ನು ಹೊಗಳುವ ಉತ್ಸಾಹದಲ್ಲಿ ನಾವು ಮರೆಯುವ ಒಂದು ವಿಷಯ ಉಂಟು. ಆ ಆಸ್ತಿ ಕುಟುಂಬದ್ದು, ಅವಳೊಬ್ಬಳದ್ದಲ್ಲ. ನನ್ನ ಪಾಲು ನನಗೆ ಕೊಡಿ ಅಂತ ಯಾರೂ ಕೇಳುವ ಹಾಗಿರಲಿಲ್ಲ. 1863ರಲ್ಲಿ ಮದರಾಸು ಹೈಕೋರ್ಟು ಇಲ್ಲಿಯದೇ ಒಂದು ವ್ಯಾಜ್ಯದಲ್ಲಿ ಅದನ್ನು ಗಟ್ಟಿ ಮಾಡಿತು. ಅಳಿಯಸಂತಾನ ಕುಟುಂಬದಲ್ಲಿ ಒಬ್ಬರ ಬಲವಂತಕ್ಕೆ ಪಾಲು ಮಾಡಲಿಕ್ಕಿಲ್ಲ ಅಂತ. (ಆ ವ್ಯಾಜ್ಯದಲ್ಲಿ ಒಂದು ಪಕ್ಷದವರ ಹೆಸರು ತಿಮ್ಮಜು ಹೆಣ್ಸು. ನೂರಾರು ಪುಟಗಳ ಕಾನೂನು ಪುಸ್ತಕಗಳಲ್ಲಿ ಆ ಹೆಸರು ಇನ್ನೂ ಕೂತಿದೆ ಅಂದರೆ ಖುಷಿಯಾಗುತ್ತದೆ.) ಪಾಲು ಕೇಳುವ ದಾರಿ ತೆರೆದದ್ದು 1949ರ ಮದರಾಸು ಅಳಿಯಸಂತಾನ ಕಾನೂನು. ಹಾಗಾಗಿ ನಮ್ಮ ಅಜ್ಜಿಯಂದಿರಿಗೆ ತಲೆ ಮೇಲೆ ಮಾಡು ಇತ್ತು, ಊಟ ಇತ್ತು, ಗಂಡ ಸರಿ ಇಲ್ಲದಿದ್ದರೆ ಅವನನ್ನು ಬಿಟ್ಟು ಬರಲಿಕ್ಕೆ ಒಂದು ಮನೆ ಇತ್ತು. ಅದು ಸಣ್ಣ ಸಂಗತಿಯಲ್ಲ. ಆದರೆ ತೆಗೆದುಕೊಂಡು ಹೋಗಿ ಒಂದು ಅಂಗಡಿಗೆ ಹಾಕಲಿಕ್ಕೆ, ಹಾಕಿ ಕಳೆದುಕೊಳ್ಳಲಿಕ್ಕೆ ಏನೂ ಇರಲಿಲ್ಲ. ವ್ಯಾಪಾರ ಅಂದರೆ ಕಳೆದುಕೊಳ್ಳಲಿಕ್ಕೂ ಹಕ್ಕು ಇರಬೇಕಲ್ಲ.

ಇದ್ದದ್ದು ಮೀನು ಮಾರುವವರಿಗೆ. ದಕ್ಕೆಗೆ ಬೆಳಿಗ್ಗೆ ಬೇಗ ಹೋಗಿ ನೋಡಿದ್ದೀರಾ? ಬಂದರಿನ ದಕ್ಕೆಯಲ್ಲಿ ಬೋಟು ತಾಗುವ ಮೊದಲೇ ಬುಟ್ಟಿ ಹಿಡಿದು ನಿಂತಿರುತ್ತಾರೆ. ಏಲಂ ಕೂಗುವವನ ಬಾಯಿಯಿಂದ ಬೆಲೆ ಹೊರಡುವಷ್ಟರಲ್ಲಿ ಇವತ್ತು ಬಂಗುಡೆ ಎಷ್ಟು ಬಂದಿದೆ, ಮಲ್ಪೆಯಲ್ಲಿ ಎಷ್ಟಿರಬಹುದು, ಸೋಮವಾರವಾದ್ದರಿಂದ ಎಷ್ಟು ಮನೆಯಲ್ಲಿ ಮೀನು ಮಾಡುವುದಿಲ್ಲ, ಇಷ್ಟೂ ಲೆಕ್ಕ ತಲೆಯಲ್ಲಿ ಆಗಿರುತ್ತದೆ. ಬೆಳಿಗ್ಗೆ ಸಾಲ ಮಾಡಿ ತೆಗೆದುಕೊಂಡದ್ದನ್ನು ಸಂಜೆಯ ಒಳಗೆ ಮಾರಬೇಕು, ಇಲ್ಲದಿದ್ದರೆ ಮೀನೂ ಹೋಯಿತು ದುಡ್ಡೂ ಹೋಯಿತು. ಜೂನ್ ಜುಲೈಯಲ್ಲಿ ಬೋಟಿಗೆ ರಜೆ, ಆಗ ಒಣಮೀನು. ಇದಕ್ಕಿಂತ ದೊಡ್ಡ ಉದ್ಯಮಶೀಲತೆ ಯಾವ ಎಂಬಿಎಯಲ್ಲಿ ಕಲಿಸುತ್ತಾರೆ ನನಗೆ ಗೊತ್ತಿಲ್ಲ. ಆದರೂ ಮೊಗವೀರ ಹೆಂಗಸನ್ನು ಯಾರೂ 'ಯುವ ಉದ್ಯಮಿ' ಅಂತ ಕರೆದು ಶಾಲು ಹೊದೆಸುವುದಿಲ್ಲ. ಅವರಿಗೆ ಪುಸ್ತಕದಲ್ಲಿ ಲೆಕ್ಕ ಇಲ್ಲ, ಹೆಸರಿನಲ್ಲಿ ಬೋಟಿಲ್ಲ. ಬಲೆ, ದೋಣಿ, ಆಮೇಲೆ ಬಂದ ಯಾಂತ್ರಿಕ ಬೋಟು ಎಲ್ಲ ಹೆಚ್ಚಾಗಿ ಗಂಡಸರ ಹೆಸರಿಗೆ. ಹಾಗಾಗಿ ದಿನದ ಬಡ್ಡಿಗೆ ಸಾಲ ಕೊಡುವವನೇ ಅವರ ಬ್ಯಾಂಕು. ಮೀನುಗಾರ ಮಹಿಳೆಯರಿಗೆ ಬಡ್ಡಿ ಇಲ್ಲದ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸುತ್ತೇವೆ ಅಂತ ರಾಜ್ಯ ಸರಕಾರ ಹೇಳಿದ್ದು 2023ರ ಬಜೆಟ್ಟಿನಲ್ಲಿ!

ಬ್ಯಾಂಕಿಗೇನೂ ಈ ಊರಲ್ಲಿ ಬರಗಾಲ ಇರಲಿಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟು, 1931ರಲ್ಲಿ ವಿಜಯಾ ಬ್ಯಾಂಕು. ಇದರಲ್ಲಿ ಮೂರು ಹೆಸರು 2019-20ರ ವಿಲೀನದಲ್ಲಿ ಅಳಿಸಿಹೋದವು, ಅದರ ಸಂಕಟ ಬೇರೆಯೇ ಉಂಟು, ಇಲ್ಲಿ ಬೇಡ. ಸುಬ್ಬರಾವ್ ಪೈಗಳು ಬ್ಯಾಂಕಿಗಿಂತ ಮೊದಲೇ, 1894ರಲ್ಲಿ, ಹುಡುಗಿಯರ ಶಾಲೆ ಶುರು ಮಾಡಿದವರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಬಂತು. ಓದಿಗೆ ಹುಡುಗಿಯರನ್ನು ಕಳಿಸುವುದರಲ್ಲಿ ಮಂಗಳೂರು ಹಿಂದೆ ಬೀಳಲಿಲ್ಲ.

ಸಿಂಡಿಕೇಟಿನವರ ಪಿಗ್ಮಿ 1928ರದ್ದು. ದಿನಕ್ಕೆ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ನಮ್ಮ ಕೇರಿಯಲ್ಲೂ ಪಿಗ್ಮಿಯವರು ಬರುತ್ತಿದ್ದರು, ದುಡ್ಡು ಕೊಡುತ್ತಿದ್ದದ್ದು ಹೆಂಗಸರೇ. ಆದರೆ ಹೆಂಗಸರ ದುಡ್ಡು ಬ್ಯಾಂಕಿನ ಒಳಗೆ ಹೋಗುವ ದಾರಿ ಎಷ್ಟು ಸಲೀಸಾಗಿತ್ತೋ ಹೊರಗೆ ಬರುವ ದಾರಿ ಅಷ್ಟು ಸಲೀಸಾಗಿರಲಿಲ್ಲ. ಹೆಂಗಸಿಗೆ ಸಾಲ ಅಂದರೆ ಬಂಗಾರದ ಮೇಲೆ. ಆ ಸಾಲವೂ ಯಾರಿಗೆ? ಬಳೆ ಅಡವಿಟ್ಟು ಗಂಡ ಬೊಂಬಾಯಿಯಲ್ಲಿ ಹೋಟೆಲು ಹಾಕಿದ ಕಥೆ ನಮ್ಮ ಕಡೆ ಮನೆಮನೆಯಲ್ಲೂ ಉಂಟು. ಗಂಡ ತನ್ನ ಉಂಗುರ ಅಡವಿಟ್ಟು ಹೆಂಡತಿಗೆ ಅಂಗಡಿ ಹಾಕಿಕೊಟ್ಟ ಕಥೆ ನಿಮಗೆ ಗೊತ್ತಿದ್ದರೆ ಹೇಳಿ.

ನಮ್ಮಲ್ಲಿ ಮಾತ್ರ ಹೀಗೆ ಅಂತ ತಿಳಿಯಬೇಡಿ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೆಂಗಸು ವ್ಯಾಪಾರಕ್ಕೆ ಸಾಲ ಕೇಳಿದರೆ ಗಂಡನೋ ಅಪ್ಪನೋ ಅಣ್ಣನೋ ಸಹಿ ಹಾಕಬೇಕು ಅನ್ನುವುದು 1988ರವರೆಗೂ ನಡೆದಿತ್ತು, ಆ ವರ್ಷ ಕಾನೂನು ಮಾಡಿ ನಿಲ್ಲಿಸಿದರು. ಬೆಂಗಳೂರಿನಲ್ಲಿ 1978ರಲ್ಲಿ ಹತ್ತು ಸಾವಿರ ರೂಪಾಯಿಯಿಂದ ಬಯೋಕಾನ್ ಶುರು ಮಾಡಿದ ಕಿರಣ್ ಮಜುಂದಾರ್ ಅವರಿಗೂ ಮೊದಮೊದಲು ಬ್ಯಾಂಕುಗಳು ಹಿಂದೇಟು ಹಾಕಿದ್ದವು. ಅವರಿಗೆ ಆಗ ಇಪ್ಪತ್ತೈದು.

ಇನ್ನು ಬೀಡಿಗೆ ಬರುತ್ತೇನೆ. ಇದು ನಮ್ಮ ಮನೆಯ ಕಥೆಯೂ ಹೌದು.

ನಮ್ಮಮ್ಮ ಸುಮಾರು ನಲುವತ್ತು ವರ್ಷ ಬೀಡಿ ಕಟ್ಟಿದವರು. ಮಂಗಳೂರಿನ ಸುತ್ತ ಮುತ್ತ ಬೆಳೆದವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ರಾತ್ರಿ ಎಲೆ ನೆನೆಸಿ ಇಡುವುದು, ಬೆಳಿಗ್ಗೆ ಅಳತೆಗೆ ಕತ್ತರಿಸುವುದು, ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪು, ಪಕ್ಕದಲ್ಲಿ ರೇಡಿಯೋ. ಸುತ್ತಿ, ತುದಿ ಮಡಚಿ, ನೂಲು ಕಟ್ಟಿ, ಇಪ್ಪತ್ತೈದರ ಕಟ್ಟು. ಸಂಜೆ ಬ್ರಾಂಚಿಗೆ. ಬ್ರಾಂಚಿನವನು ಕಟ್ಟಿನಿಂದ ನಾಲ್ಕು ಎಳೆದು ಹಿಚುಕಿ ನೋಡಿ ಬದಿಗೆ ಬಿಸಾಡಿದರೆ ಅಷ್ಟಕ್ಕೆ ದುಡ್ಡಿಲ್ಲ. ಆದರೆ ಬಿಸಾಡಿದ್ದನ್ನು ವಾಪಸು ಕೊಡುತ್ತಾನೆಯೇ? ಅದೂ ಇಲ್ಲ. ಅಮ್ಮನಿಗೆ ಈಗಲೂ ಆ ಸಿಟ್ಟು ಇಳಿದಿಲ್ಲ.

ಮನೆಯಲ್ಲಿ ಕೂತು ಕಟ್ಟುವವರು ಕಾರ್ಮಿಕರೇ ಅಲ್ಲ ಅಂತ ಮಾಲೀಕರ ವಾದ ಇತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂದು ಮನೆಯಲ್ಲಿ ಕಟ್ಟುವವರನ್ನೂ ಒಳಗೆ ಸೇರಿಸಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ಊರಿನ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಕೂಡ ಇತ್ತು. 1974ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಭವಿಷ್ಯನಿಧಿ ಮನೆಯಲ್ಲಿ ಕಟ್ಟುವವರಿಗೂ ಸಲ್ಲಬೇಕು ಅನ್ನುವ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು 1985ರದ್ದು. ಈ ತೀರ್ಪುಗಳು ಕಾನೂನಿನವರಿಗೆ ಒಂದು ಸಂಖ್ಯೆ ಇರಬಹುದು, ನಮ್ಮ ಕೇರಿಯಲ್ಲಿ ಅವು ಅಮ್ಮಂದಿರ ಹೆಸರು ಬರೆದ ಒಂದೊಂದು ಪುಸ್ತಕವಾಗಿ ಬಂದವು. ನಮ್ಮ ಮನೆಯಲ್ಲಿ ರೇಷನ್ ಕಾರ್ಡು ಅಪ್ಪನ ಹೆಸರಲ್ಲಿ, ಕರೆಂಟು ಬಿಲ್ಲು ಅಪ್ಪನ ಹೆಸರಲ್ಲಿ. ಅಮ್ಮನ ಹೆಸರಲ್ಲಿ ಇದ್ದ ಮೊದಲ ಕಾಗದ ಬೀಡಿ ಪುಸ್ತಕ.

ಅದರ ದುಡ್ಡಿನಲ್ಲಿ ಅಕ್ಕ ಪಿಯುಸಿ ಓದಿದಳು, ನಾನು ಡಿಗ್ರಿ ಓದಿದೆ. (ವ್ಯತ್ಯಾಸ ಗಮನಿಸಿದಿರಲ್ಲ.) ಅಕ್ಕನೂ ಹೈಸ್ಕೂಲಿನಿಂದಲೇ ಕಟ್ಟುತ್ತಿದ್ದಳು. ತನ್ನ ಮದುವೆಯ ಸರ ತಾನೇ ಬೀಡಿ ಕಟ್ಟಿ ಮಾಡಿಸಿಕೊಂಡವಳು. ಹಾಗೆ ಮಾಡಿದ ಹುಡುಗಿಯರು ಈ ಜಿಲ್ಲೆಯಲ್ಲಿ ಕೇರಿಗೆ ಹತ್ತು ಜನ ಸಿಗುತ್ತಾರೆ. ಇಷ್ಟು ಕೈ ಚುರುಕಿನವರು, ಲೆಕ್ಕ ಬಲ್ಲವರು, ನಾಲ್ಕು ಕಾಸು ಕೂಡಿಸಿದವರು ಯಾಕೆ ತಮ್ಮದೇ ಅಂತ ಏನನ್ನೂ ಶುರು ಮಾಡಲಿಲ್ಲ? ಅಮ್ಮನನ್ನೇ ಕೇಳಿದೆ. "ಬರುವ ಮೊದಲೇ ಆ ದುಡ್ಡಿಗೆ ಲೆಕ್ಕ ಆಗಿರುತ್ತಿತ್ತು ಮಗ. ಫೀಸು, ಅಕ್ಕಿ, ಸಂಘದ ಕಂತು. ಹಾಳು ಮಾಡಲಿಕ್ಕೆ ಅಂತ ದುಡ್ಡು ಎಲ್ಲಿತ್ತು?" ಅಂದರು. ಹಾಳು ಮಾಡಲಿಕ್ಕೆ ಅನ್ನುವ ಮಾತು ಅವರದ್ದೇ. ಈಗ ಅವರಿಗೆ ತಿಂಗಳಿಗೆ ಸಾವಿರ ಚಿಲ್ಲರೆ ಪಿಎಫ್ ಪಿಂಚಣಿ ಬರುತ್ತದೆ. ಕಡಿಮೆ ಪಕ್ಷ ಸಾವಿರ ಕೊಡಬೇಕು ಅಂತ ಆದದ್ದೂ 2014ರಲ್ಲಿ.

ಅಮ್ಮ ಹೇಳಿದ ಸಂಘ ಅಂದರೆ ಸ್ವಸಹಾಯ ಗುಂಪು. 1992ರಲ್ಲಿ ನಬಾರ್ಡ್ ಗುಂಪುಗಳಿಗೂ ಬ್ಯಾಂಕಿಗೂ ಗಂಟು ಹಾಕಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಿಂದಲೇ ಇತ್ತು, ಸರಕಾರದ ಸ್ತ್ರೀಶಕ್ತಿ 2000ದ ಹೊತ್ತಿಗೆ, ಡಿಸಿಸಿ ಬ್ಯಾಂಕಿನ ನವೋದಯ ಗುಂಪುಗಳು ಅದರ ನಂತರ. ಮೊದಲ ಸಲ ಜಾಗದ ಪತ್ರ ಕೇಳದೆ ಸಾಲ ಸಿಕ್ಕಿತು. ಪತ್ರದ ಬದಲು ಹತ್ತು ಹದಿನೈದು ಹೆಂಗಸರ ಮಾತು. ಇದು ದೊಡ್ಡ ಬದಲಾವಣೆ ಅಂತ ನಾನು ಮನಸಾರೆ ಒಪ್ಪುತ್ತೇನೆ. ಹಪ್ಪಳ, ಮಲ್ಲಿಗೆ ಗಿಡ, ಹೊಲಿಗೆ ಮೆಷಿನ್, ಸಣ್ಣ ಕ್ಯಾಂಟೀನು ಎಷ್ಟೋ ಶುರುವಾದದ್ದು ಅಲ್ಲಿಂದಲೇ. ಆದರೆ ವಾರ ವಾರ ಕಂತು ಕಟ್ಟುವ ಸಾಲದಲ್ಲಿ ಒಂದು ಮೆಷಿನ್ ಬರುತ್ತದೆ, ಆರು ಬರುವುದಿಲ್ಲ. ಯೂನಿಫಾರ್ಮಿನ ದುಡ್ಡು ವರ್ಷಕ್ಕೊಮ್ಮೆ, ಜೂನಿನಲ್ಲಿ. ಕಂತು ಮಾತ್ರ ಪ್ರತಿ ವಾರ. ಸೋತರೆ ಗುಂಪಿನ ಉಳಿದವರ ಮುಖ ಹೇಗೆ ನೋಡುವುದು? ಅಲ್ಲಿಯೂ ಕಳೆದುಕೊಳ್ಳುವ ಹಾಗಿಲ್ಲ. ಕಲಿಸುವವರು ಈಗ ಬೇಕಾದಷ್ಟು ಇದ್ದಾರೆ. ಉಜಿರೆಯ ರುಡ್‌ಸೆಟ್ 1982ರಿಂದ ತರಬೇತಿ ಕೊಡುತ್ತಿದೆ, ದೇಶದ ಉಳಿದ ಕಡೆಯವರು ಅದನ್ನು ನೋಡಿ ಕಲಿತರು. ತರಬೇತಿಯ ಸರ್ಟಿಫಿಕೇಟು ಹಿಡಿದು ಬ್ಯಾಂಕಿಗೆ ಹೋದ ಮೇಲೆ ಮತ್ತೆ ಅದೇ ಪ್ರಶ್ನೆ.

ಈಗ ಆ ಪ್ರಶ್ನೆಯ ಉತ್ತರ ಹೇಳಲೇಬೇಕು.

ವಾಮಂಜೂರಿನ ಆಚೆ ನಮಗೆ ತೊಂಬತ್ತು ಸೆಂಟ್ಸ್ ಜಾಗ ಉಂಟು. ಅದು ಅಮ್ಮನ ತವರಿನವರು ತಲೆತಲಾಂತರದಿಂದ ಗೇಣಿಗೆ ಮಾಡುತ್ತಿದ್ದ ಜಾಗ. ಅಪ್ಪ ಮದುವೆಯಾಗಿ ಆ ಮನೆಗೇ ಬಂದವರು. 1974ರಲ್ಲಿ ಭೂಸುಧಾರಣೆ ಬಂದು ಉಳುವವನೇ ಒಡೆಯ ಅಂತ ಆಯಿತಲ್ಲ, ಆಗ ಎಲ್ಲರೂ ಡಿಕ್ಲರೇಷನ್ ಕೊಟ್ಟರು. ನಮ್ಮ ಮನೆಯಿಂದ ಕೊಟ್ಟದ್ದು ಅಪ್ಪನ ಹೆಸರಲ್ಲಿ. ಉಳುವವ'ನು' ಅಂದರೆ ಗಂಡಸು, ಅದನ್ನು ಯಾರೂ ಎರಡನೇ ಸಲ ಯೋಚಿಸಲೇ ಇಲ್ಲ. ದೇವರಾಜ ಅರಸರ ಮೇಲೆ ನನಗೆ ತುಂಬ ಗೌರವ ಉಂಟು, ಆ ಕಾನೂನು ಇಲ್ಲದಿದ್ದರೆ ನಾವು ಎಲ್ಲಿರುತ್ತಿದ್ದೆವೋ. ಆದರೆ ತಾಯಿಯ ಬಳಿಯಲ್ಲಿ ಬಂದ ನಮ್ಮ ಒಕ್ಕಲು ತಂದೆಯ ಹೆಸರಿಗೆ ತಿರುಗಿದ್ದು ಆ ಒಂದು ಫಾರಮಿನಲ್ಲಿ.

ಅಪ್ಪ ತೀರಿಕೊಂಡ ಮೇಲೆ, 2009ರಲ್ಲಿ, ಅಮ್ಮ ಮತ್ತು ಅಕ್ಕ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ನನ್ನ ಹೆಸರಿಗೆ. ಮಗಳಿಗೂ ಮಗನಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲಿ ಕಾನೂನು ಮಾಡಿದೆ, ಕೇಂದ್ರ 2005ರಲ್ಲಿ ಮಾಡಿದೆ. ಇದು ನನಗೆ ಆಗಲೂ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. "ತವರು ಬೇಕಲ್ಲ ನನಗೆ" ಅಂತ ನಗುತ್ತಾ ಸಹಿ ಹಾಕಿದಳು. ಬರುವಾಗ ನಾನು ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದೆ. ಈಗ ನೆನಪಿಸಿಕೊಂಡರೆ ನಾಚಿಕೆಯಾಗುವುದು ಆ ಐಸ್‌ಕ್ರೀಮಿನದ್ದೇ.

ಹಳೇ ಅಳಿಯಕಟ್ಟಿನ ಪ್ರಕಾರ ನೋಡಿದರೆ ಆ ಜಾಗ ನನ್ನ ನಂತರ ನನ್ನ ಮಕ್ಕಳಿಗಲ್ಲ, ಈ ಸೊಸೆಗೇ ಹೋಗಬೇಕಿತ್ತು. ಭೂತಾಳ ಪಾಂಡ್ಯನ ಕಟ್ಟಳೆಯನ್ನೂ ಬಿಟ್ಟೆವು, ಹೊಸ ಕಾನೂನಿನ ಪಾಲನ್ನೂ ಕೊಡಲಿಲ್ಲ. ಎರಡರಲ್ಲೂ ಗಂಡಸಿಗೆ ಅನುಕೂಲವಾದದ್ದನ್ನು ಮಾತ್ರ ಇಟ್ಟುಕೊಂಡೆವು.

ಬ್ಯಾಂಕಿನಿಂದ ಬಂದ ವಾರದಲ್ಲಿ ಅವಳಿಗೆ ಫೋನ್ ಮಾಡಿ, ನಾನು ಜಾಮೀನು ನಿಲ್ಲುತ್ತೇನೆ, ಪತ್ರ ಇಡುತ್ತೇನೆ, ಹೆದರಬೇಡ ಅಂದೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದ್ದಿರಬೇಕು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾವ, ನಿಮ್ಮ ಸಹಿ ಬೇಡ. ಮುಳುಗಿದರೆ ನಿಮ್ಮ ಜಾಗ ಮುಳುಗಿಸಿದವಳು ಅಂತ ಆಗ್ತದೆ. ಅಮ್ಮನಿಗೆ ಎಷ್ಟು ಬರಬೇಕಿತ್ತು, ಅದನ್ನು ಅಮ್ಮನ ಹೆಸರಿಗೆ ಮಾಡಿಕೊಡ್ಲಿಕ್ಕೆ ಆಗ್ತದಾ?" ಅಂತ ಕೇಳಿದಳು.

ಮನೆಯಲ್ಲಿ ಎರಡು ದಿನ ಮಾತು ನಡೆಯಿತು. ಎಲ್ಲ ಸಿಹಿ ಮಾತಲ್ಲ, ಬರೆಯುವುದು ಬೇಡ. ಅಕ್ಕ ಮಾತ್ರ ನನಗೇನೂ ಬೇಡ ಅಂತ ಈಗಲೂ ಹೇಳುತ್ತಿದ್ದಾಳೆ. ಅಮ್ಮ ಒಳಗಿನಿಂದ, "ಬೇಡ ಅನ್ಲಿಕ್ಕೂ ಮೊದಲು ಕೈಗೆ ಬರಬೇಕು, ತೆಗೆದುಕೋ" ಅಂದರು.

ಪಹಣಿ ತೆಗೆಸಿದ್ದೇನೆ. ಮೂವತ್ತು ಸೆಂಟ್ಸ್ ಬೇರೆ ಮಾಡಲಿಕ್ಕೆ ಹನ್ನೊಂದು ಇ ನಕ್ಷೆ ಆಗಬೇಕಂತೆ, ಅರ್ಜಿ ಹಾಕಿ ಆಯಿತು. ಸರ್ವೆಯವರು ಮುಂದಿನ ವಾರ ಬರುತ್ತೇನೆ ಅಂದಿದ್ದಾರೆ. ಮೂಡು ಬದಿಯ ಗಡಿಕಲ್ಲು ಪೊದೆಯಲ್ಲಿ ಮುಚ್ಚಿಹೋಗಿದೆ. ಭಾನುವಾರ ಹೋಗಿ ಕಡಿದು ಬರಬೇಕು.